ಆರೂ ಹತ್ತರ ನಿಲುಗಡೆ

ಟಿಕೆಟ್ ಪುಸ್ತಕದಲ್ಲಿ ಈ ಸ್ಟಾಪಿಲ್ಲ.
ಆಗುಂಬೆ ದಾಟಿ, ಮೊದಲ ತಿರುವಿಗೆ ಸ್ವಲ್ಪ ಮುಂಚೆ
ಲಾರೆನ್ಸ್ ತಾನೇ ಇಂಜಿನ್ ಆರಿಸುತ್ತಾನೆ.
ನಾನು ವಿಶಲ್ ಹೊಡೆಯುವುದಿಲ್ಲ.
ಹಿಂದಿನ ಸೀಟಿನಿಂದ ಅಪ್ಪಿ ಮರಕಾಲ್ತಿ
ನೆರಿಗೆ ಎತ್ತಿ ಸಿಕ್ಕಿಸಿ ಇಳಿಯುತ್ತಾಳೆ,
ಬೆಳಗಿನ ಬಂಗುಡೆಯ ವಾಸನೆ
ಅವಳಿಗಿಂತ ಒಂದು ಮೆಟ್ಟಿಲು ಮುಂದೆ.

ತೀರ್ಥಹಳ್ಳಿ, ಮೇಗರವಳ್ಳಿ, ಗುಡ್ಡೇಕೇರಿ,
ಮೂರೂರಿನ ಬಾಗಿಲಲ್ಲಿ ಚೌಕಾಸಿ ಮಾಡಿ ಒಣಗಿದ ಗಂಟಲು.
ಬುಟ್ಟಿ ಖಾಲಿ, ಬಸ್ಸಿನ ತಲೆಯ ಮೇಲೆ ಬೋರಲು.
ಚಪ್ಪಲಿ ಕಳಚಿ ಕಟ್ಟೆಯ ಬುಡಕ್ಕಿಡುತ್ತಾಳೆ
ಗುಡಿಯ ಹೊರಗಿಟ್ಟ ಹಾಗೆ,
ಬೇರೆಯವರ ಜೋಡಿಗೆ ತಾಗದಂತೆ.

"ಮನಿಗ್ ಮುಟ್ಟುದ್ರೊಳಗ್ ಅಮ್ಮನ ಬಾಗ್ಲ್ ಹಾಕ್ತ್ರ್ ಮಾರಾಯ್ರೆ,
ಇಲ್ಲಿಂದ್ಲೇ ಒಂದ್ ಕೈ ಮುಗಿತೆ."

ಎಲ್ಲಿದೆ ಗುಡಿ?
ಕೆಳಗೆ ಕಾಡು, ಕಾಡಿನಾಚೆ ಇನ್ನೊಂದು ಕಾಡು,
ಆಚೆ ಹೊಗೆಯೋ ಊರೋ ತಿಳಿಯದ ಬೂದು,
ಅದರಾಚೆ, ಸ್ಲೇಟಿನ ಮೇಲೆ ಒದ್ದೆ ಬೆರಳೆಳೆದಷ್ಟು ಸಮುದ್ರ.
ಅದೂ ಮಾರ್ಗಶಿರದಲ್ಲಿ. ಉಳಿದಂತೆ ಮಂಜು.
ಮಂಜಿದ್ದ ದಿನವೂ ಅವಳ ಬೆರಳಿಗೆ ಅನುಮಾನವಿಲ್ಲ:
"ಅಕಾ, ಆ ಮೂರ್ ತೆಂಗಿನ್ ಮರದ್ ಎಡಕ್ಕೆ.
ಕಾಂತಿಲ್ಯಾ ನಿಮ್ಗೆ?"
ಕಾಣುತ್ತದೆ ಎಂದೆ,
ಚಿಲ್ಲರೆ ಇಲ್ಲ ಎನ್ನುವಷ್ಟೇ ಸಲೀಸಾಗಿ.

ಪಕ್ಕದಲ್ಲಿ ದಾವಣಗೆರೆಯ ಹುಡುಗ
ಸೂರ್ಯನನ್ನು ಚಿಟಿಕೆಯಲ್ಲಿ ಹಿಡಿದು ಫೋಟೋಕ್ಕೆ ನಿಂತಿದ್ದಾನೆ.
"ಕೈ ಕೆಳಗೆ, ಇನ್ನೂ ಸ್ವಲ್ಪ" ಎಂದು ಗೆಳೆಯ.
ಸೂರ್ಯ ಯಾರ ಮಾತೂ ಕೇಳದೆ
ಕುತ್ತಿಗೆ ಸಣ್ಣಗಾಗಿ ಕೊಡವಾಗುತ್ತಾನೆ.
ಬಸ್ಸಿನೊಳಗೆ ಯಾರೋ ಗಡಿಯಾರ ನೋಡಿ ಕೆಮ್ಮುತ್ತಾರೆ.
ಅಪ್ಪಿಯ ತುಟಿ ಅಲುಗುತ್ತಿದೆ. ಏನು ಕೇಳುತ್ತಾಳೋ,
ಮಗನ ದೋಣಿಯ ಸಾಲವೋ, ಮಂಡಿನೋವೋ,
ನಾಳೆಯ ಬೂತಾಯಿಯ ದರವೋ.
ನನ್ನ ದೇವರ ಮುಂದೆ ನಾನು ಇಷ್ಟು ಹೊತ್ತು ನಿಂತದ್ದಿಲ್ಲ,
ಅವನು ಮನೆಯೆದುರಿಗೇ ಇದ್ದಾನೆ.

ಶುಕ್ರವಾರ ಅವಳು ಮೀನು ಹೊರುವುದಿಲ್ಲ.
ಆದರೂ ಲಾರೆನ್ಸನ ಕಾಲು ರೂಢಿಗೆ ಬ್ರೇಕಿನ ಮೇಲೆ.
ಇಳಿಯುವವರಿಲ್ಲ. ಒಂದು ಬೀಡಿ ಮುಗಿಯುವಷ್ಟು ಹೊತ್ತು
ನಾವಿಬ್ಬರೂ ಸುಮ್ಮನೆ ನಿಂತು, ಹೊರಡುತ್ತೇವೆ.
ಯಾಕೆಂದು ಒಬ್ಬರನ್ನೊಬ್ಬರು ಕೇಳಿದ್ದಿಲ್ಲ.

ಮೊನ್ನೆ ಶನಿವಾರ, ಟಿಕೆಟ್ ಹರಿಯುವಾಗ ಅವಳೇ ತೆಗೆದಳು ಮಾತು:
"ನಿನ್ನೆ ಬೈಸಾರಿಗೆ ನಾ ಗುಡಿ ಹತ್ರವೇ ಇದ್ದಿದ್ದೆ.
ಹೊಯ್ಗಿ ಮೇಲ್ ಕೂತ್ಕಂಡ್ ಘಟ್ಟದ್ ಬದಿ ಕಂಡ್ರೆ
ಅಷ್ಟ್ ಎತ್ರದಂಗೆ ಫಳ್ ಅಂದಿ ಒಂದ್ ಬೆಳ್ಕ್.
ನಿಮ್ ಬಸ್ಸಿನ್ ಗಾಜೇ ಸೈ!
ಅಮ್ಮ ಮೂಡ್ ಮುಖ ಕೂತದ್ದ್, ಸಮುದ್ರಕ್ಕೆ ಬೆನ್ ಹಾಕಿ.
ದಿನಾ ಅವ್ಳ್ ಕಾಂಬುದೂ ಅದನ್ನೇ.
ಭಟ್ರ್ ಆರತಿ ಎತ್ತೂಕ್ ಮೊದ್ಲ್
ನಿಮ್ ಆರತಿ ಬತ್ತ್."

ಹದಿನಾಲ್ಕು ತಿರುವು ಇಳಿಯುವವರೆಗೆ
ಯಾರಿಗೂ ಲೆಕ್ಕ ಸರಿಯಾಗಿ ಕೊಡಲಿಲ್ಲ ನಾನು.
ಕಾಣದ್ದನ್ನು ಕಾಣುತ್ತದೆ ಎಂದವನನ್ನು
ಅಲ್ಲಿಂದ ಯಾರೋ ಎರಡು ವರ್ಷ ನೋಡುತ್ತಿದ್ದರೇ?
ಅದೂ ಕಾಲರಿನ ಗುಂಡಿ ಬಿಚ್ಚಿಕೊಂಡು, ಬೀಡಿ ಕಚ್ಚಿಕೊಂಡು
ನಿಂತವನನ್ನು?

ಇರಲಾರದು. ಐವತ್ತು ಕಿಲೋಮೀಟರ್.
ಗಾಜಿನ ತುಂಬ ಧೂಳು, ಎಡ ಮೂಲೆಗೆ ಬಿರುಕು,
ಬಿರುಕಿನ ಮೇಲೆ ಲಾರೆನ್ಸ್ ಅಂಟಿಸಿದ ಮೇರಿ ಮಾತೆ.

ಇವತ್ತು ಶುಕ್ರವಾರ.
ಆಗುಂಬೆ ಸ್ಟ್ಯಾಂಡಿನಲ್ಲಿ ಚಾ ಬಿಟ್ಟು
ಹಳೇ ಪೇಪರು, ಅರ್ಧ ಬಕೆಟ್ ನೀರು ತಂದು
ಮಾತೆಯ ಸುತ್ತ ಹುಷಾರಾಗಿ ಒರೆಸಿದೆ.
"ಏನೋ ಸಮಾಚಾರ?" ಎಂದ ಲಾರೆನ್ಸ್.
"ಧೂಳು."
ಮತ್ತೆ ಕೇಳಲಿಲ್ಲ ಅವನು.
ಆರೂ ಹತ್ತಕ್ಕೆ, ದಿನಾ ನಿಲ್ಲಿಸುವ ಜಾಗದಲ್ಲಿ,
ಸ್ಟಿಯರಿಂಗ್ ಒಂದು ಸುತ್ತು ಹೆಚ್ಚಿಗೆ ತಿರುಗಿಸಿ
ಬಸ್ಸಿನ ಮೂತಿಯನ್ನು ನೇರ ಪಡುವಣಕ್ಕಿಟ್ಟ.